ಬಣ್ಣವೂ ಅವರದೇ, ಬಂಡವಾಳವೂ ಅವರದೇ

ಪೌರಾಣಿಕ ನಾಟಕದ ಕರಪತ್ರದಲ್ಲಿ 'ರಾತ್ರಿ 8.30ಕ್ಕೆ ಸರಿಯಾಗಿ' ಎಂದು ಅಚ್ಚಾಗಿರುತ್ತದೆ. ಹತ್ತು ಹೊಡೆದರೂ ಪರದೆ ಎದ್ದಿರುವುದಿಲ್ಲ. ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಇದಕ್ಕಾಗಿ ಯಾರೂ ತಕರಾರು ತೆಗೆಯುವುದಿಲ್ಲ. ಚಾಪೆ, ಗೋಣಿತಾಟು, ಹಳೇ ಕಂಬಳಿ ಹಾಸಿ ಸಂಜೆಯೇ ಜಾಗ ಹಿಡಿದಿಟ್ಟ ಹೆಂಗಸರು ಮನೆಯವರಿಗೆಲ್ಲ ಮುದ್ದೆ ಇಕ್ಕಿ, ತಾವೂ ಉಂಡು, ಎಲೆ ಅಡಿಕೆ ಸೆರಗಿಗೆ ಕಟ್ಟಿಕೊಂಡು ನಿಧಾನವಾಗಿ ಬರುತ್ತಾರೆ. ಸೀನರಿ ಲಾರಿ ಮಧ್ಯಾಹ್ನವೇ ಬಂದು ಮಾರಿಗುಡಿ ಮುಂದಿನ ಬಯಲಿನಲ್ಲಿ ನಿಂತಿರುತ್ತದೆ. ಅದರ ಹೊಟ್ಟೆಯಿಂದ ಇಳಿದ ಕಬ್ಬಿಣದ ಕೊಳವೆಗಳು ಸಂಜೆಯ ಹೊತ್ತಿಗೆ ರಂಗಮಂಟಪವಾಗಿ ಎದ್ದು ನಿಂತಿರುತ್ತವೆ. ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆ ಒಂದರ ಹಿಂದೊಂದು ಸುತ್ತಿಕೊಂಡು ಕಾದಿರುತ್ತವೆ. ಬದಿಯಲ್ಲಿ ಜನರೇಟರು ಗುಡುಗುಡು ಅನ್ನುತ್ತಿರುತ್ತದೆ. ಬೋಂಡದ ಬಾಣಲೆ, ಚುರುಮುರಿ ಗಾಡಿ, ಕಡ್ಲೇಕಾಯಿ ತಕ್ಕಡಿ, ಪೀಪಿ ಬಲೂನು ಮಾರುವವನು, ಇವರೆಲ್ಲ ಯಾರೂ ಕರೆಯದೆ ಬಂದವರು.

ಊರ ಬಾಗಿಲಿನಲ್ಲಿ ಫ್ಲೆಕ್ಸು. ಎಡಕ್ಕೆ ಗದೆ ಹೊತ್ತ ದುರ್ಯೋಧನ, ಬಲಕ್ಕೆ ಕೊಳಲು ಹಿಡಿದ ಕೃಷ್ಣ, ನಡುವೆ ಗ್ರಾಮದೇವತೆ. ಅದೇ ದುರ್ಯೋಧನ ಕೆಳಗಿನ ಸಾಲಿನಲ್ಲಿ ತಂಪು ಕನ್ನಡಕ ಹಾಕಿ, ಬಿಳೀ ಅಂಗಿ ತೊಟ್ಟು, ಕೈ ಮುಗಿದು ನಿಂತಿರುತ್ತಾನೆ. ಹಗಲಿನಲ್ಲಿ ಅವನು ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಮಾಲೀಕ, ಹಾಲಿನ ಡೇರಿಯ ಕಾರ್ಯದರ್ಶಿ ಅಥವಾ ಮದ್ದೂರಿನಲ್ಲಿ ಸೈಟು ವ್ಯವಹಾರ ಮಾಡುವವನು.

"ದುರ್ಯೋಧನ ಯಾರ್ ತಗಂಡವ್ರಣ್ಣೋ?"

"ಮೇಗಲ್ಕೇರಿ ಗೌಡ್ರ ಮಗ ಕಣಪ್ಪ. ಎಳ್ಡ್ನೇ ದುರ್ಯೋಧನ ಅವ್ರ ಭಾವಮೈದ."

ಹೀಗೆ ಕೇಳುವುದರಲ್ಲೇ ಈ ರಂಗಭೂಮಿಯ ಅರ್ಥಶಾಸ್ತ್ರವಿದೆ. ಇಲ್ಲಿ ನಟನಿಗೆ ಸಂಬಳ ಕೊಡುವುದಿಲ್ಲ, ನಟನೇ ಕೊಡಬೇಕು. ಹಾರ್ಮೋನಿಯಂ ಮೇಷ್ಟ್ರ ತಿಂಗಳುಗಟ್ಟಲೆಯ ತಾಲೀಮಿನ ಗೌರವಧನ, ಸೀನರಿ ಬಾಡಿಗೆ, ಬಣ್ಣದವರು, ಮೈಕು, ತಬಲ, ಹೆಣ್ಣುಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ, ಎಲ್ಲವನ್ನೂ ಕೂಡಿ ಪಾತ್ರಗಳ ತೂಕದ ಮೇಲೆ ಹಂಚುತ್ತಾರೆ. ದುರ್ಯೋಧನನಿಗೆ ಹೆಚ್ಚು, ಕೃಷ್ಣನಿಗೂ ಹೆಚ್ಚು. ಕರ್ಣ, ಅರ್ಜುನ, ಭೀಮ, ಶಕುನಿಗೆ ಅದಕ್ಕಿಂತ ಕಡಿಮೆ. ನಕುಲ ಸಹದೇವರು ಅಗ್ಗ, ದ್ವಾರಪಾಲಕ ಇನ್ನೂ ಅಗ್ಗ. ಬೇಡಿಕೆ ಜಾಸ್ತಿಯಾದರೆ ಒಂದೇ ಪಾತ್ರವನ್ನು ಎರಡು ಮೂರು ಪಾಲು ಮಾಡುತ್ತಾರೆ. ಆದ್ದರಿಂದ ಸಂಧಾನಕ್ಕೆ ಮುಂಚಿನ ಕೃಷ್ಣ ತೆಳ್ಳಗಿದ್ದು ಸಂಧಾನದ ಕೃಷ್ಣ ದಪ್ಪಗಿದ್ದರೆ ಈ ಕಡೆಯ ಪ್ರೇಕ್ಷಕ ಹುಬ್ಬೇರಿಸುವುದಿಲ್ಲ. ಮಂಡ್ಯದ ಕಲಾಮಂದಿರದಲ್ಲಿ ಆಗಾಗ ನಡೆಯುವ ಪೌರಾಣಿಕ ನಾಟಕಗಳದ್ದೂ ಇದೇ ಲೆಕ್ಕ. ಕಬ್ಬಿನ ಬಿಲ್ಲು ಸಲೀಸಾಗಿ ಬಂದ ವರ್ಷ ದುರ್ಯೋಧನರು ಹೆಚ್ಚುತ್ತಾರೆ. ಕಾರ್ಖಾನೆ ಬಾಕಿ ಉಳಿಸಿಕೊಂಡ ವರ್ಷ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಧೂಳು ಕೂರುತ್ತದೆ.

ಹನ್ನೊಂದು ಗಂಟೆಯ ಸುಮಾರಿಗೆ ದುರ್ಯೋಧನನ ಪ್ರವೇಶ. ಬಣ್ಣದ ದೀಪಗಳು ಹುಚ್ಚೆದ್ದು ತಿರುಗುತ್ತವೆ, ಹೊಗೆಯ ಯಂತ್ರ ಬುಸ್ಸೆನ್ನುತ್ತದೆ, ಹಿಂದುಗಡೆ ಗದ್ದೆಯಲ್ಲಿ ಪಟಾಕಿ ಸರ ಸಿಡಿಯುತ್ತದೆ. ಅರಮನೆಯ ಪರದೆ ಎದ್ದಾಗ ಮೇಲ್ಕೇರಿ ಗೌಡರ ಮಗ ಗದೆಯನ್ನು ಹೆಗಲಿಗೇರಿಸಿ, ಎದೆ ಸೆಟೆಸಿ, ನಾಲ್ಕು ಹೆಜ್ಜೆ ನಡೆಯಲು ಮೂರು ನಿಮಿಷ ತೆಗೆದುಕೊಳ್ಳುತ್ತಾನೆ. ದುಡ್ಡು ಕೊಟ್ಟು ಕೊಂಡ ನಡಿಗೆ, ಬೇಗ ಮುಗಿಸುವುದಕ್ಕೆ ಮನಸ್ಸು ಬರುವುದಿಲ್ಲ. ಕಂದಪದ್ಯದ ಕೊನೆಯ ಅಕ್ಷರವನ್ನು ಎಳೆದೆಳೆದು ಉಸಿರು ಕಟ್ಟುವಾಗ ಜನ 'ಒನ್ಸ್ ಮೋರ್' ಎನ್ನುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ತಲೆ ಅಲ್ಲಾಡಿಸುತ್ತಾರೆ, ಪದ್ಯ ಮತ್ತೆ ಮೊದಲಿಂದ ಶುರುವಾಗುತ್ತದೆ. ನಡುವೆ ನೆಂಟರಿಷ್ಟರು ಸಾಲಾಗಿ ರಂಗವೇರಿ ಹಾರ ಹಾಕುತ್ತಾರೆ. ನೋಟಿನ ಹಾರವೂ ಉಂಟು, ಮಾವನ ಮನೆಯವರ ಉಂಗುರವೂ ಉಂಟು. ಮೈಕಿನಲ್ಲಿ ಕೊಟ್ಟವರ ಹೆಸರು, ಊರು, ಮೊತ್ತ ಕೂಗಿ ಹೇಳುವಷ್ಟು ಹೊತ್ತು ಪಾಂಡವರು ಪಕ್ಕದಲ್ಲಿ ಬೀಡಿ ಸೇದುತ್ತ ಕಾಯುತ್ತಾರೆ. ಮಹಾಭಾರತ ಯುದ್ಧ ಬೆಳಗಿನ ಜಾವಕ್ಕೆ ಮೊದಲು ಮುಗಿದ ಉದಾಹರಣೆ ಕಡಿಮೆ.

ಈ ಇಡೀ ರಾತ್ರಿಯಲ್ಲಿ ಕಾಸು ಕೊಡದೆ, ಕಾಸು ಪಡೆದು ನಟಿಸುವವರು ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆಯರ ಪಾತ್ರದವರು. ಕರಪತ್ರದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇವರ ಹೆಸರಿರುತ್ತದೆ, ಹೆಸರಿನ ಹಿಂದೆ ಮಂಡ್ಯವೋ ಮೈಸೂರೋ ತುಮಕೂರೋ ಅಂಟಿಕೊಂಡಿರುತ್ತದೆ. ಸಂಜೆ ಬಸ್ಸಿನಲ್ಲಿ ಪೆಟ್ಟಿಗೆ ಸಮೇತ ಇಳಿದು, ಒಂದೂ ತಾಲೀಮಿಲ್ಲದೆ, ಮುಖ ಪರಿಚಯವೇ ಇಲ್ಲದ ಐವರು ಗಂಡಂದಿರ ಎದುರು ನಿಂತು ಹಾಡಬೇಕು. ಮೇಷ್ಟ್ರ ಶ್ರುತಿ ಯಾವುದು, ಭೀಮ ಮಾತು ಮರೆಯುವುದು ಎಲ್ಲಿ, ಅರ್ಜುನ ತಾಳ ತಪ್ಪುವುದು ಎಲ್ಲಿ ಎಂದು ನಿಂತಲ್ಲೇ ಅಂದಾಜು ಮಾಡಿ ಆಟವನ್ನು ದಡ ಮುಟ್ಟಿಸಬೇಕು. ಒಬ್ಬಾಕೆಯೇ ಕುಂತಿಯ ಬಿಳಿ ಸೀರೆ ಬಿಚ್ಚಿ ರುಕ್ಮಿಣಿಯ ಜರಿ ಸೀರೆ ಉಡುವುದೂ ಉಂಟು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರೆ ಮರುದಿನ ರಾತ್ರಿ ಇನ್ನೊಂದು ಊರು, ಇನ್ನೊಬ್ಬ ದುರ್ಯೋಧನ. ಕಂಪನಿ ನಾಟಕದ ಕಾಲದಲ್ಲಿ ಮಳವಳ್ಳಿಯ ಹೆಸರನ್ನು ಕನ್ನಡ ರಂಗಭೂಮಿಯಲ್ಲಿ ಮೆರೆಸಿದ್ದೂ ಒಬ್ಬ ನಟಿಯೇ, ಮಳವಳ್ಳಿ ಸುಂದರಮ್ಮ.

ಇಷ್ಟೆಲ್ಲ ಹೇಳಲು ಕಾರಣವಿದೆ. ರಾತ್ರಿಯ ಹೊತ್ತು ಜನ ಸೇರಿಸುವುದನ್ನೇ ಕಸುಬಾಗಿಸಿಕೊಂಡವರು ನಿಧಾನವಾಗಿ ಬಣ್ಣ ಹಚ್ಚಿ, ಆಮೇಲೆ ಸಿನಿಮಾಕ್ಕೆ ದುಡ್ಡು ಹಾಕುವ ಸಂಗತಿ ದೊಡ್ಡ ಶಹರಗಳಲ್ಲಿ ಪದೇ ಪದೇ ಕಾಣುತ್ತದೆ. ನೈಟ್‌ಕ್ಲಬ್ಬಿನಲ್ಲಿ ಯಾವ ರಾತ್ರಿ ಯಾರ ಸಂಗೀತ, ಬಾಗಿಲಲ್ಲಿ ಯಾರನ್ನು ಬಿಡಬೇಕು, ಯಾವ ಮುಖ ಕಂಡರೆ ಉಳಿದವರೂ ಬರುತ್ತಾರೆ, ಇದೆಲ್ಲ ಪ್ರಮೋಟರನಿಗೆ ಬಾಯಿಪಾಠ. ನ್ಯೂಯಾರ್ಕಿನಲ್ಲಿ ಲೈಮ್‌ಲೈಟ್, ಟನಲ್ ಮುಂತಾದ ಕ್ಲಬ್ಬುಗಳನ್ನು ನಡೆಸಿದ ಪೀಟರ್ ಗೇಷನ್ 1993ರ 'ಎ ಬ್ರಾಂಕ್ಸ್ ಟೇಲ್' ಚಿತ್ರದ ಕಾರ್ಯಕಾರಿ ನಿರ್ಮಾಪಕನಾದ. ಆ ಕಥೆ ಬರೆದು ಅದರಲ್ಲಿ ನಟಿಸಿದ ಚಾಜ್ ಪಾಲ್ಮಿಂಟೆರಿ ಒಂದು ಕಾಲದಲ್ಲಿ ಕ್ಲಬ್ಬಿನ ಬಾಗಿಲು ಕಾದವನು. ಬಾಗಿಲು ಕಾದವನು ಬರೆದದ್ದಕ್ಕೆ ಕ್ಲಬ್ಬಿನ ಧಣಿ ದುಡ್ಡು ಹಾಕಿದಂತಾಯಿತು. ಮಂಡ್ಯದ ರಾತ್ರಿಗಳಿಗೆ ಕ್ಲಬ್ಬಿನ ಗೊಡವೆಯಿಲ್ಲ. ಇಲ್ಲಿ ರಾತ್ರಿಗೆ ಜನ ಸೇರಿಸುವವನು ನಾಟಕದ ಕಂಟ್ರಾಕ್ಟರು, ಗಣಪತಿ ಹಬ್ಬದ ಆರ್ಕೆಸ್ಟ್ರಾ ಒಪ್ಪಿಕೊಳ್ಳುವವನು, ರಸಮಂಜರಿಗೆ ಬೆಂಗಳೂರಿನಿಂದ ಗಾಯಕರನ್ನು ಕರೆಸುವವನು. ಆಟೋದ ತಲೆಗೆ ಮೈಕು ಕಟ್ಟಿ ಕೇರಿಕೇರಿ ಸುತ್ತಿಸಿದರೆ ಅವನ ಪ್ರಚಾರ ಮುಗಿಯಿತು. ಕರಪತ್ರದಲ್ಲಿ 'ಶುಭ ಕೋರುವವರು' ಎಂದು ನಲವತ್ತು ಹೆಸರು ಅಚ್ಚು ಹಾಕಿಸುವುದು ಅವನ ಹಳೆಯ ಉಪಾಯ. ಹೆಸರು ಅಚ್ಚಾದವನು ಮನೆ ಮಂದಿಯನ್ನೆಲ್ಲ ಕರೆದುಕೊಂಡು ಬಂದೇ ಬರುತ್ತಾನೆ.

ರಾತ್ರಿಗೆ ಜನ ಸೇರಿಸುವ ಕಸುಬಿನಿಂದ ಸಿನಿಮಾಕ್ಕೆ ಹೋಗುವ ಈ ದಾರಿಯನ್ನು ಕನ್ನಡದಲ್ಲಿ ತುಳಿದ ಹಿರಿಯ ಗುಬ್ಬಿ ವೀರಣ್ಣ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಬಾಲನಟನಾಗಿ ಸೇರಿ, ಮುಂದೆ ಅದರ ಯಜಮಾನನಾದವರು. ಹಾಸ್ಯಪಾತ್ರ ಮಾಡುತ್ತಿದ್ದರು, ಸಂಜೆ ಗಲ್ಲಾಪೆಟ್ಟಿಗೆಯ ಲೆಕ್ಕವನ್ನೂ ನೋಡುತ್ತಿದ್ದರು. ಇವತ್ತು ಮಂಡ್ಯದ ಹಳ್ಳಿಗಳು ಆಡುವ 'ಕುರುಕ್ಷೇತ್ರ'ವನ್ನು 1930ರ ದಶಕದಲ್ಲಿ ಬಯಲಿನಲ್ಲಿ ಆನೆ, ಕುದುರೆ, ರಥಗಳ ಸಮೇತ ಆಡಿಸಿ ಊರಿಗೆ ಊರೇ ಬರುವಂತೆ ಮಾಡಿದವರು ಅವರು. ಹೊಗೆ ಯಂತ್ರ, ಪಟಾಕಿಗಳ ಮೂಲ ಹುಡುಕುವುದಾದರೆ ಅಲ್ಲಿಗೇ ಹೋಗಬೇಕು. ಮೂಕಿಚಿತ್ರಗಳ ಕಾಲದಲ್ಲೇ ಅವರು ಸಿನಿಮಾಕ್ಕೆ ಕೈ ಹಾಕಿದರು. ಆಮೇಲೆ 'ಸದಾರಮೆ', 'ಜೀವನ ನಾಟಕ', 'ಹೇಮರೆಡ್ಡಿ ಮಲ್ಲಮ್ಮ' ಬಂದವು. 1954ರಲ್ಲಿ ಅವರ ಸಂಸ್ಥೆಯ ಹೆಸರು ಹೊತ್ತು ಬಂದ 'ಬೇಡರ ಕಣ್ಣಪ್ಪ' ರಾಜಕುಮಾರ್ ಎಂಬ ನಾಯಕನಟನನ್ನು ಕೊಟ್ಟಿತು. ರಾಜಕುಮಾರ್ ಅದೇ ಕಂಪನಿಯ ಅನ್ನ ಉಂಡವರು. ಕಂಪನಿ ಯಜಮಾನನಿಗೆ ಯಾವ ನಟ ಯಾವ ಮಾತಿಗೆ ಚಪ್ಪಾಳೆ ಗಿಟ್ಟಿಸುತ್ತಾನೆಂಬುದು ನೂರಾರು ರಾತ್ರಿಗಳ ಅನುಭವದಿಂದ ಗೊತ್ತಿತ್ತು. ಸಿನಿಮಾಕ್ಕೆ ಅವರು ಬರಿಗೈಯಲ್ಲಿ ಹೋಗಲಿಲ್ಲ.

ಎಲ್ಲರಿಗೂ ಅದು ಒಲಿಯಲಿಲ್ಲ. ಮಂಡ್ಯ ಜಿಲ್ಲೆಯ ಗಡಿ ದಾಟಿದರೆ ಸಿಗುವ ತಿರುಮಕೂಡಲು ನರಸೀಪುರದ ಪಿಟೀಲು ಚೌಡಯ್ಯನವರ ಕಥೆ ನೋಡಿ. ಮೈಕು ಅಪರೂಪವಾಗಿದ್ದ ದಿನಗಳಲ್ಲಿ ಕಟ್ಟಕಡೆಯ ಸಾಲಿನವನಿಗೂ ನಾದ ಮುಟ್ಟಲಿ ಎಂದು 1927ರ ಸುಮಾರಿಗೆ ಪಿಟೀಲಿಗೆ ಏಳು ತಂತಿ ಹೂಡಿದವರು. ಸಂಗೀತಗಾರನಲ್ಲಿ ಕಚೇರಿಯ ವ್ಯವಸ್ಥಾಪಕನೂ ಇದ್ದಾನೆಂದು ಹೇಳಲು ಇಷ್ಟು ಸಾಕು. ಅವರು 1943ರಲ್ಲಿ 'ವಾಣಿ' ಎಂಬ ಚಿತ್ರ ತೆಗೆದರು. ನಿರ್ದೇಶನ ಕೆ. ಹಿರಣ್ಣಯ್ಯನವರದು. ಪಂಡರೀಬಾಯಿ ಬೆಳ್ಳಿತೆರೆಗೆ ಬಂದದ್ದು ಅದರಲ್ಲೇ. ಚೌಡಯ್ಯನವರು ತಾವೂ ಕ್ಯಾಮೆರಾ ಮುಂದೆ ಕುಳಿತರು. ಚೆಂಬೈ ವೈದ್ಯನಾಥ ಭಾಗವತರ ಹಾಡು, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ, ಚೌಡಯ್ಯನವರ ಪಿಟೀಲು ಒಂದೇ ಚೌಕಟ್ಟಿನಲ್ಲಿ ಸೆರೆಯಾದ ಆ ದೃಶ್ಯವನ್ನು ಸಂಗೀತದವರು ಇಂದಿಗೂ ಹುಡುಕಿ ನೋಡುತ್ತಾರೆ. ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಷ್ಟು ಬರುತ್ತಿದ್ದ ಕಾಲ. ಸಿನಿಮಾ ಅವರ ಕೈ ಸುಟ್ಟಿತೆಂಬುದು ಅಂದಿನಿಂದ ಹರಿದುಬಂದ ಮಾತು. 1957ರಲ್ಲಿ ಸಂಗೀತ ಕಲಾನಿಧಿ ಬಿರುದು ತಂದುಕೊಟ್ಟದ್ದು ಪಿಟೀಲೇ. ಒಂದು ರಾತ್ರಿಯ ಸಭೆಯನ್ನು ಕಮಾನಿನ ತುದಿಯಲ್ಲಿ ಕಟ್ಟಿಹಾಕಬಲ್ಲ ಮನುಷ್ಯನಿಗೂ ಟಾಕೀಸಿನ ಪ್ರೇಕ್ಷಕ ಬೇರೆಯೇ ಆಸಾಮಿ ಎನ್ನುವುದಕ್ಕೆ ನನಗೆ ತೋಚುವ ದೊಡ್ಡ ಸಾಕ್ಷಿ ಇದು.

ಆ ಚೌಡಯ್ಯನವರ ಮೊಮ್ಮಗ ಮದ್ದೂರು ತಾಲೂಕಿನ ದೊಡ್ಡರಸಿನಕೆರೆಯಲ್ಲಿ 1952ರ ಮೇ 29ರಂದು ಹುಟ್ಟಿದ. ಮಳವಳ್ಳಿ ಹುಚ್ಚೇಗೌಡ ಅಮರನಾಥ, ಸಿನಿಮಾದಲ್ಲಿ ಅಂಬರೀಶ್. ಮಳವಳ್ಳಿ ಹೆಸರಿನಲ್ಲೇ ಇದೆ, ಮದ್ದೂರು ಹುಟ್ಟಿನಲ್ಲಿದೆ, ಮಂಡ್ಯ ಮುಂದೆ ಬಿರುದಿನಲ್ಲಿ ಸೇರಿತು. 1972ರ 'ನಾಗರಹಾವು' ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ಕೊಟ್ಟ ಜಲೀಲನ ಪಾತ್ರ ಚಿಕ್ಕದು. ಸಿಗರೇಟನ್ನು ಗಾಳಿಯಲ್ಲಿ ಎಸೆದು ಬಾಯಲ್ಲಿ ಹಿಡಿಯುವ ಆ ಚಮತ್ಕಾರ ನೋಡಿದ ಹುಡುಗರು ಎಷ್ಟು ಬೀಡಿ ಹಾಳು ಮಾಡಿರಬೇಕೋ! ಅಂಬರೀಶ್ ಅವರಿಗೆ ಜನ ಸೇರಿಸುವ ಕಸುಬು ಬೇಕಿರಲಿಲ್ಲ. ಅವರಿದ್ದಲ್ಲಿ ಜನ ತಾವಾಗಿ ಸೇರುತ್ತಿದ್ದರು, ಗಂಟೆಗಟ್ಟಲೆ ತಡವಾಗಿ ಬಂದರೂ ಬೈಯುತ್ತಲೇ ಕಾಯುತ್ತಿದ್ದರು. 1994ರಲ್ಲಿ ಎ.ಟಿ. ರಘು ನಿರ್ದೇಶನದ 'ಮಂಡ್ಯದ ಗಂಡು' ಬಂದಾಗ ಇಲ್ಲಿಯ ಟಾಕೀಸುಗಳ ಮುಂದೆ ಜಾತ್ರೆ. ನಾಲ್ಕು ವರ್ಷದ ಮೇಲೆ, 1998ರಲ್ಲಿ, ಅದೇ ಜನ ಲೋಕಸಭೆಗೆ ಕಳಿಸಿದರು. 2018ರ ನವೆಂಬರ್ 24ರಂದು ಅವರು ತೀರಿಕೊಂಡ ಮೇಲೆ ಪಾರ್ಥಿವ ಶರೀರವನ್ನು ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ತಂದರು. ಅಲ್ಲಿ ಸೇರಿದ ಜನಕ್ಕೆ ಯಾವ ಕರಪತ್ರವೂ ಹೋಗಿರಲಿಲ್ಲ.

ಅಂಬರೀಶ್ ಹುಟ್ಟಿದ ಸೀಮೆಯಾದ ಮದ್ದೂರು ಎಂದರೆ ಹೊರಗಿನವರಿಗೆ ವಡೆ. 1917ರಲ್ಲಿ ರೈಲು ನಿಲ್ದಾಣದಲ್ಲಿ ಅವಸರಕ್ಕೆ ಹುಟ್ಟಿತೆನ್ನುವ ಆ ವಡೆಗಾಗಿ ಬೆಂಗಳೂರು ಮೈಸೂರು ನಡುವೆ ಓಡಾಡುವ ಸಿನಿಮಾದವರ ಕಾರುಗಳೆಲ್ಲ ಇಲ್ಲಿ ನಿಲ್ಲುತ್ತಿದ್ದವು. ಹಿಂದಿನ ಸೀಟಿನಲ್ಲಿದ್ದ ನಾಯಕನಟನನ್ನು ಹೋಟೆಲಿನ ಹುಡುಗ ಗುರುತು ಹಿಡಿದರೆ ಆ ಸುದ್ದಿ ಶಿವಪುರದ ತನಕ ಹೋಗುತ್ತಿತ್ತು. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯ ಬಳಿ ಪ್ರಧಾನಿ ಉದ್ಘಾಟಿಸಿದ ಬೆಂಗಳೂರು ಮೈಸೂರು ದಶಪಥ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಈಗ ಕಾರುಗಳು ಮೇಲಿನಿಂದಲೇ ಹಾದುಹೋಗುತ್ತವೆ, ಹಳೇ ರಸ್ತೆಯ ಹೋಟೆಲುಗಳಲ್ಲಿ ಕುರ್ಚಿಗಳು ಖಾಲಿ.

ಆ ಹಳೇ ರಸ್ತೆಯಿಂದ ಒಳಗೆ ತಿರುಗಿದರೆ ಬೆಸಗರಹಳ್ಳಿ. ಸಾಹಿತ್ಯ ಓದುವವರಿಗೆ ಇದು ಡಾ. ಬೆಸಗರಹಳ್ಳಿ ರಾಮಣ್ಣನವರ ಊರು, ಹಗಲು ಸ್ಟೆತಾಸ್ಕೋಪು ಹಿಡಿದು ರಾತ್ರಿ ಕಥೆ ಬರೆದ ವೈದ್ಯರ ಊರು. ಸಿನಿಮಾ ನೋಡುವವರಿಗೆ ಇದು ನಿರ್ದೇಶಕ ಪ್ರೇಮ್ ಊರು. 2003ರಲ್ಲಿ 'ಕರಿಯ', 'ಎಕ್ಸ್‌ಕ್ಯೂಸ್ ಮಿ', 2005ರಲ್ಲಿ 'ಜೋಗಿ'. 'ಜೋಗಿ'ಯಲ್ಲಿ ಹಳ್ಳಿಯಿಂದ ಶಹರಕ್ಕೆ ಹೋದ ಮಗ ಮಾದೇಶ ಭೂಗತ ಲೋಕಕ್ಕೆ ಬೀಳುತ್ತಾನೆ, ತಾಯಿ ಅವನನ್ನು ಹುಡುಕುತ್ತ ಬೀದಿ ಅಲೆಯುತ್ತಾಳೆ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಮಳವಳ್ಳಿ, ಕೊಳ್ಳೇಗಾಲದ ಕಡೆಯವರಿಗೆ ಆ ಹೆಸರೇ ಸಾಕಾಗಿತ್ತು. ಮಗ ಬೆಂಗಳೂರಿನಲ್ಲಿ ಏನು ಮಾಡುತ್ತಿದ್ದಾನೆಂದು ಸರಿಯಾಗಿ ಗೊತ್ತಿಲ್ಲದ ತಾಯಂದಿರು ಈ ಜಿಲ್ಲೆಯಲ್ಲಿ ಆಗಲೂ ಇದ್ದರು, ಈಗಲೂ ಇದ್ದಾರೆ.

ನಮ್ಮ ವಿಷಯಕ್ಕೆ ತೀರ ಹತ್ತಿರದ ಮನುಷ್ಯ ಪ್ರೇಮ್. ಇವರು ಮೊದಲು ನಿರ್ದೇಶಕ. ಆದರೆ ಚಿತ್ರೋದ್ಯಮದ ಗಾಂಧಿನಗರದಲ್ಲಿ ಅವರ ಇನ್ನೊಂದು ಹೆಸರು ಪ್ರಚಾರ. ಚಿತ್ರ ಬರುವುದಕ್ಕೆ ತಿಂಗಳುಗಟ್ಟಲೆ ಮುಂಚೆಯೇ ಹಾಡು, ಪೋಸ್ಟರು, ಮಾತು, ಮಾತಿಗೆ ಮಾತು, ಎಲ್ಲವೂ ಊರು ತುಂಬಿರುತ್ತಿದ್ದವು. 'ಪ್ರೀತಿ ಏಕೆ ಭೂಮಿ ಮೇಲಿದೆ' ಚಿತ್ರಕ್ಕೆ ತಾವೇ ನಾಯಕರಾಗಿ ನಿಂತರು, ಒಂದು ಹಾಡಿಗೆ ಮುಂಬೈನಿಂದ ಮಲ್ಲಿಕಾ ಶೆರಾವತ್ ಅವರನ್ನು ಕರೆಸಿದರು. ಪ್ರಚಾರ ಎಬ್ಬಿಸಿದ ಧೂಳಿನಷ್ಟು ಚಿತ್ರ ಓಡಲಿಲ್ಲ. 2009ರಲ್ಲಿ ಪುನೀತ್ ರಾಜಕುಮಾರ್ ಅವರಿಗೆ ಮಾಡಿದ ಚಿತ್ರದ ಶೀರ್ಷಿಕೆಯಲ್ಲೇ 'ಷೋಮ್ಯಾನ್' ಎಂದಿತ್ತು. 2011ರಲ್ಲಿ ಶಿವರಾಜಕುಮಾರ್ ಅವರ ನೂರನೇ ಚಿತ್ರ 'ಜೋಗಯ್ಯ'ಕ್ಕೆ ಪತ್ನಿ ರಕ್ಷಿತಾ ನಿರ್ಮಾಪಕಿ. ಹೀಗೆ ನಿರ್ದೇಶನ, ಪ್ರಚಾರ, ನಟನೆ, ನಿರ್ಮಾಣ ಒಂದೇ ಮನೆಯೊಳಗೆ ಬಂದವು. ನಾಯಕನಾಗಿ ಪ್ರೇಮ್ ನನಗೆ ಹಿಡಿಸಲಿಲ್ಲ. ಆದರೆ ಅವರ ಪ್ರಚಾರದ ಪಟ್ಟುಗಳನ್ನು ನೋಡಿದಾಗಲೆಲ್ಲ ಕರಪತ್ರಕ್ಕೆ ನಲವತ್ತು ಹೆಸರು ಹಾಕಿಸುವ ಜಾಣ ಕಂಟ್ರಾಕ್ಟರು ಕಣ್ಣ ಮುಂದೆ ಬರುತ್ತಾನೆ. ಬಂದ ಜನ ಕೂತು ನೋಡಿದ್ದು ಪ್ರೇಮ್ ಕಥೆಯನ್ನೂ ತಾಯಿಯನ್ನೂ ನಂಬಿದಾಗ ಮಾತ್ರ.

ಇನ್ನೊಬ್ಬರು ಇದೇ ಜಿಲ್ಲೆಯ ಸತೀಶ್. ಹೆಗ್ಗೋಡಿನ ನೀನಾಸಂನಲ್ಲಿ ಕಲಿತು, ಆ ಹೆಸರನ್ನೇ ಹಣೆಗೆ ಹಚ್ಚಿಕೊಂಡವರು. ಮಂಡ್ಯದ ಮಾತನ್ನು ತಿದ್ದಿಕೊಳ್ಳದೆ ನಾಯಕರಾದವರು. ಹಾಸ್ಯಗಾರನ ಬಾಯಿಗೆ ಮಾತ್ರ ಮೀಸಲಾಗಿದ್ದ ನಮ್ಮ ಸೀಮೆಯ ಭಾಷೆ ಅವರ ಬಾಯಲ್ಲಿ ಪ್ರೇಮ ನಿವೇದನೆಯನ್ನೂ ಮಾಡಿತು. 2013ರ 'ಲೂಸಿಯಾ'ದಲ್ಲಿ ಅವರದು ಟಾಕೀಸಿನ ಕತ್ತಲಲ್ಲಿ ಟಾರ್ಚು ಬಿಟ್ಟು ಸೀಟು ತೋರಿಸುವ ಹುಡುಗನ ಪಾತ್ರ. ಆ ಹುಡುಗ ಕನಸಿನಲ್ಲಿ ಸಿನಿಮಾ ನಟನಾಗುತ್ತಾನೆ. ರಾತ್ರಿಯ ಜನಜಂಗುಳಿಯ ಅಂಚಿನಲ್ಲಿ ನಿಂತವನು ನಡುವಿನ ಬೆಳಕಿಗೆ ಬರಲು ಹಂಬಲಿಸುವ ಕಥೆಯನ್ನು ಕನ್ನಡದಲ್ಲಿ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ಆ ಚಿತ್ರಕ್ಕೆ ಬಂಡವಾಳ ಬಂದ ಬಗೆಯನ್ನು ಪತ್ರಿಕೆಗಳು ಹೊಸ ಕ್ರಾಂತಿ ಎಂಬಂತೆ ಬರೆದವು. ನಿರ್ಮಾಪಕರು ಸಿಗದ ನಿರ್ದೇಶಕ ಪವನ್ ಕುಮಾರ್ ಅಂತರ್ಜಾಲದಲ್ಲಿ ಕರೆ ಕೊಟ್ಟರು, ನೂರಕ್ಕೂ ಹೆಚ್ಚು ಮಂದಿ ಸೇರಿ ಒಂದು ತಿಂಗಳೊಳಗೆ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರು. ಮಂಡ್ಯದ ಹಳ್ಳಿಯವನಿಗೆ ಇದರಲ್ಲಿ ಹೊಸದೇನು ಕಂಡೀತು? ಹತ್ತು ಜನ ಕೈಯಿಂದ ಕಾಸು ಹಾಕಿ ಒಂದು ರಾತ್ರಿ ಆಟ ಕಟ್ಟುವುದನ್ನು ಅವನು ತಾತನ ಕಾಲದಿಂದ ಮಾಡುತ್ತ ಬಂದಿದ್ದಾನೆ. ವ್ಯತ್ಯಾಸ ಒಂದೇ. 'ಲೂಸಿಯಾ'ಕ್ಕೆ ದುಡ್ಡು ಕೊಟ್ಟವರು ಪಾತ್ರ ಕೇಳಲಿಲ್ಲ. ಪಾತ್ರ ಯಾರಿಗೆ ಒಪ್ಪುತ್ತದೋ ಅವರಿಗೆ ಸಿಕ್ಕಿತು. ಆಮೇಲೆ ಸತೀಶ್ ತಮ್ಮದೇ ಬ್ಯಾನರಿನಲ್ಲಿ 2015ರಲ್ಲಿ 'ರಾಕೆಟ್' ನಿರ್ಮಿಸಿ ನಟಿಸಿದರು. 2018ರಲ್ಲಿ ಮಂಡ್ಯ ಸೀಮೆಯ ಹಳ್ಳಿಯನ್ನೇ ಹಿನ್ನೆಲೆಯಾಗಿಸಿದ 'ಅಯೋಗ್ಯ' ಗೆದ್ದಿತು.

ಇನ್ನು ಬಣ್ಣದ ಗೊಡವೆಗೇ ಹೋಗದೆ ಬರೀ ಬಂಡವಾಳ ಹೂಡಿದವರು ಮಂಡ್ಯ ತಾಲೂಕಿನ ಕಿರಗಂದೂರಿನ ವಿಜಯ್. ಗ್ರಾಮದೇವತೆ ಹೊಂಬಾಳಮ್ಮನ ಹೆಸರಿನಲ್ಲಿ ಹೊಂಬಾಳೆ ಫಿಲಂಸ್ ಕಟ್ಟಿ, 2014ರ 'ನಿನ್ನಿಂದಲೇ' ಚಿತ್ರದಿಂದ ಹೊರಟು, 2018 ಮತ್ತು 2022ರ 'ಕೆಜಿಎಫ್', 2022ರ 'ಕಾಂತಾರ'ದವರೆಗೆ ಬಂದರು. ದೇಶದ ನಾನಾ ಭಾಷೆಗಳ ಟಾಕೀಸುಗಳಲ್ಲಿ ಕನ್ನಡ ಚಿತ್ರ ಓಡಿತು. ಪೋಸ್ಟರಿನಲ್ಲಿ ಅವರ ಹೆಸರಿರುತ್ತದೆ, ಮುಖ ಇರುವುದಿಲ್ಲ. ಈ ಸೀಮೆಯಲ್ಲಿ ಇಂಥ ಸಂಯಮ ಅಪರೂಪದ ಸರಕು.

ಏಕೆಂದರೆ ನಾನು ಸಾಮಾನ್ಯವಾಗಿ ಕಂಡದ್ದು ಇದಕ್ಕೆ ಉಲ್ಟಾ. ಮೊದಲು ಹುಟ್ಟುಹಬ್ಬದ ಫ್ಲೆಕ್ಸು. ಆಮೇಲೆ ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ, ಅದರ ನಡುವೆ ಸನ್ಮಾನ. ಆಮೇಲೆ ದುರ್ಯೋಧನ. ನೋಟಿನ ಹಾರದ ಫೋಟೊ ಊರೂರು ಸುತ್ತುತ್ತದೆ. ಯಾರೋ ಒಬ್ಬ "ಅಣ್ಣ, ನಿಮ್ ಪರ್ಸನಾಲ್ಟಿಗೆ ಸಿನ್ಮಾನೇ ಸರಿ" ಎನ್ನುತ್ತಾನೆ. ಅಂದವನು ಸಾಮಾನ್ಯವಾಗಿ ಆ ಸಿನಿಮಾದ ಮ್ಯಾನೇಜರು ಆಗಲಿರುವವನು. ರಿಂಗ್ ರಸ್ತೆಯ ಪಕ್ಕದ ಎರಡು ಸೈಟು ಮಾರಾಟವಾಗುತ್ತವೆ. ಬೆಂಗಳೂರಿನ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಣಿ, ದೇವಸ್ಥಾನದಲ್ಲಿ ಮುಹೂರ್ತ, ಶಾಸಕರಿಂದ ಕ್ಲಾಪು. ಮಹದೇವಪುರದ ಹೊಳೆ ದಂಡೆಯಲ್ಲಿ ಒಂದು ಹಾಡು, ಮೇಲುಕೋಟೆಯ ಕಲ್ಲಿನ ಮೇಲೆ ಒಂದು ಹಾಡು, ಕಬ್ಬಿನ ಗದ್ದೆಯಲ್ಲಿ ಹೊಡೆದಾಟ. ನಿರ್ಮಾಪಕ ಅವನೇ, ನಾಯಕ ಅವನೇ. ಕಥೆಯಲ್ಲೂ ಅರ್ಧ ಅವನದೇ. ಹೊಡೆದಾಟದ ದೃಶ್ಯಕ್ಕೆ ಒಂದು ನೈಟ್‌ಕ್ಲಬ್ಬಿನ ಸೆಟ್ಟೂ ಬೇಕು, ಅದನ್ನು ಕಲ್ಯಾಣಮಂಟಪದಲ್ಲಿ ಬಣ್ಣದ ಲೈಟು ಕಟ್ಟಿ ತೀರಿಸಿಕೊಳ್ಳುತ್ತಾರೆ.

ಬಿಡುಗಡೆಯ ಶುಕ್ರವಾರ ಮಂಡ್ಯದ ಸಂಜಯ ವೃತ್ತದಲ್ಲಿ ಕಟೌಟು, ತಮಟೆ, ಹಾಲಿನ ಅಭಿಷೇಕ. ಊರಿನಿಂದ ಟೆಂಪೋಗಳಲ್ಲಿ ಬಂದವರಿಗೆ ಟಿಕೆಟ್ಟು ಅವನದೇ ಖರ್ಚು. ಮೊದಲ ಆಟ ತುಂಬಿದ ಮನೆ. ದುರ್ಯೋಧನನಿಗೆ ಬಂದ ಜನವೇ ಬಂದಿದೆ, ಅದೇ ಶಿಳ್ಳೆ, ಅದೇ ಹಾರ. ಶನಿವಾರ ಅರ್ಧ. ಸೋಮವಾರ ಬೆಳಗಿನ ಆಟಕ್ಕೆ ಹನ್ನೊಂದು ಜನ, ಅದರಲ್ಲಿ ಮೂವರು ಟಾಕೀಸಿನವರೇ. ಟಾಕೀಸಿನ ಬಾಡಿಗೆ ಓಡುತ್ತಿರುತ್ತದೆ, ಡಿಜಿಟಲ್ ಪ್ರೊಜೆಕ್ಷನ್ ಕಂಪನಿಯವರಿಗೆ ಕಟ್ಟಿದ ದುಡ್ಡು ವಾಪಸು ಬರುವುದಿಲ್ಲ. ಗುರುವಾರ ರಾತ್ರಿ ಪೋಸ್ಟರಿನ ಮೇಲೆ ಇನ್ನೊಬ್ಬರ ಪೋಸ್ಟರು ಅಂಟುತ್ತದೆ.

ನಾಟಕದಲ್ಲಿ ಒಂದು ರಾತ್ರಿ ಗೆದ್ದರೆ ಸಾಕು, ಪ್ರೇಕ್ಷಕರೆಲ್ಲ ನೆಂಟರು, ಟಿಕೆಟ್ಟಿಲ್ಲ. ಪಾತ್ರಕ್ಕೆ ಹಾಕಿದ ದುಡ್ಡು ಹೋದರೂ ಊರಿನ ನೆನಪಿನಲ್ಲಿ ಒಂದು ಹೆಸರು ಉಳಿಯುತ್ತದೆ, ಮೂವತ್ತು ವರ್ಷದ ಮೇಲೂ 'ದುರ್ಯೋಧನದ ತಮ್ಮಣ್ಣ' ಎಂದು ಕರೆಯುತ್ತಾರೆ. ಅದು ನ್ಯಾಯವಾದ ವ್ಯಾಪಾರ, ಅದನ್ನು ನಾನು ಲೇವಡಿ ಮಾಡಲಾರೆ. ಸಿನಿಮಾಕ್ಕೆ ಬೇಕಾದವನು ಪರವೂರಿನ ಪ್ರೇಕ್ಷಕ, ನಿರ್ಮಾಪಕನ ಮುಖ ಪರಿಚಯವಿಲ್ಲದೆ ಹಾವೇರಿಯಲ್ಲೋ ಸಾಗರದಲ್ಲೋ ಕೈಯಿಂದ ಕಾಸು ಕೊಟ್ಟು ಎರಡನೇ ವಾರ ಒಳಗೆ ಬರುವವನು. ಅವನನ್ನು ಕರಪತ್ರದ ಹೆಸರಿನಿಂದ ಕರೆತರಲಾಗುವುದಿಲ್ಲ. ಗುಬ್ಬಿ ವೀರಣ್ಣನವರಿಗೆ ಆ ಪ್ರೇಕ್ಷಕ ಗೊತ್ತಿದ್ದ, ಏಕೆಂದರೆ ಕಂಪನಿ ಕ್ಯಾಂಪು ಹಾಕಿದ ಊರುಗಳಲ್ಲೆಲ್ಲ ಅವನೇ ಟಿಕೆಟ್ಟು ಕೊಂಡವನು. ಗೆದ್ದವರೆಲ್ಲ, ಪ್ರೇಮ್ ಇರಲಿ ಸತೀಶ್ ಇರಲಿ, ದುಡ್ಡಿಗಿಂತ ಮೊದಲು ಕಸುಬು ಕಲಿತು ಹೋದವರು.

ಸಿನಿಮಾದ ಜನ ಇಲ್ಲಿ ಚುನಾವಣೆಯ ಕಣಕ್ಕೂ ಇಳಿಯುತ್ತಾರೆ. ಮಂಡ್ಯದ ಸಂಸದೆಯಾಗಿದ್ದ ನಟಿ ರಮ್ಯಾ ಮುಂದೆ ನಿರ್ಮಾಪಕಿಯಾದರು. 2019ರ ಲೋಕಸಭಾ ಚುನಾವಣೆಯಲ್ಲಿ ಅಂಬರೀಶ್ ಪತ್ನಿ ಸುಮಲತಾ ಎದುರು ನಿಂತದ್ದು ನಟ ನಿಖಿಲ್. 2024ರಲ್ಲಿ ಗೆದ್ದ ಎಚ್.ಡಿ. ಕುಮಾರಸ್ವಾಮಿ 'ಸೂರ್ಯವಂಶ'ದಂಥ ಚಿತ್ರಗಳ ನಿರ್ಮಾಪಕರಾಗಿದ್ದವರು. ಆ ಆಟದ ಕರಪತ್ರ ಬೇರೆ, ಅದನ್ನಿಲ್ಲಿ ಬಿಚ್ಚುವುದಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಗಾಂಧಿನಗರಕ್ಕೆ ಹೋಗಿ ನೆಲೆ ಕಂಡ ನಿರ್ಮಾಪಕರಲ್ಲಿ ಒಂದು ಮಾತು ಕೇಳಬೇಕಿದೆ. ನಿಮ್ಮ ಸೀಮೆಯ ಅಷ್ಟೂ ದುರ್ಯೋಧನರನ್ನು ದಡ ಮುಟ್ಟಿಸಿದ ದ್ರೌಪದಿಯರು ಇನ್ನೂ ಮೊದಲ ಬಸ್ಸಿಗೆ ಕಾಯುತ್ತಿದ್ದಾರೆ. ಹಾಡು, ಮಾತು, ಸಮಯಸ್ಫೂರ್ತಿ ಎಲ್ಲ ಬಲ್ಲ ಕಲಾವಿದೆಯರು ಅವರು. ಮುಂದಿನ ಚಿತ್ರಕ್ಕೆ ತಾಯಿ, ಅತ್ತೆ, ಅಜ್ಜಿಯ ಪಾತ್ರಕ್ಕೆ ಬೆಂಗಳೂರಿನಲ್ಲಿ ಮುಖ ಹುಡುಕುವ ಮುಂಚೆ ಅವರನ್ನು ಕರೆಸಿ ನೋಡಿ. ಸಂಭಾವನೆಯನ್ನು ಮಾತ್ರ ಕೆಲಸ ಮುಗಿದ ದಿನವೇ ಕೊಟ್ಟುಬಿಡಿ.